ಫೆಂಗ್‌ಹುವಾಂಗ್ ಬೆಟ್ಟದ ಮೀ ಲಾನ್ ಶ್ಯಾಂಗ್ ಊಲಾಂಗ್: ಎರಡು ವರ್ಷದ ಬಳಕೆಯ ನಂತರ

ಗಡಿಯಾರ ನೋಡದೆ ಮಾಡಿದರೆ ಈ ಟೀ ಕಹಿ ಕಷಾಯ. ಏಳೆಂಟು ಸೆಕೆಂಡಿಗೆ ಬಸಿದರೆ ಜೇನು, ಲಿಚಿ ಹಣ್ಣು, ಹಿಂದೆಯೇ ಹೂವಿನ ಗಮಲು. ಅದೇ ಎಲೆ, ಅದೇ ನೀರನ್ನು ನಲವತ್ತು ಸೆಕೆಂಡು ಬಿಟ್ಟರೆ ನಾಲಿಗೆಗೆ ಒಗರು ಅಂಟಿಕೊಳ್ಳುತ್ತದೆ. ಕಹಿ ಎಂದು ದೂರುವವರು ಅಂಗಡಿ ಬದಲಿಸುವ ಮೊದಲು ಹೊತ್ತು ಬದಲಿಸಿ ನೋಡಬೇಕು.

ಮೀ ಲಾನ್ ಶ್ಯಾಂಗ್ ಎಂದರೆ ಜೇನು-ಆರ್ಕಿಡ್ ಪರಿಮಳ. ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದ ಪೂರ್ವ ತುದಿಯಲ್ಲಿ, ಚಾವೋಝೋ ನಗರದ ಉತ್ತರಕ್ಕಿರುವ ಫೆಂಗ್‌ಹುವಾಂಗ್ ಬೆಟ್ಟಸಾಲಿನ ದಾನ್‌ತ್ಸೊಂಗ್ ಟೀಗಳಲ್ಲಿ ಇದು ಒಂದು ಬಗೆ. ಊಲಾಂಗ್ ಎಂದರೆ ಹಸಿರು ಟೀಗೂ ಕಪ್ಪು ಟೀಗೂ ನಡುವಿನ ಹದದ್ದು. ಸಾಲಿನ ಎತ್ತರದ ಶಿಖರ 1500 ಮೀಟರಿಗೆ ತುಸು ಕಡಿಮೆ. ಟೀಗೆ ಹೆಸರಾದ ವೂದೊಂಗ್ ಬೆಟ್ಟ ಸುಮಾರು 1390 ಮೀಟರ್. ಸಮುದ್ರ ದೂರವಿಲ್ಲ, ಹಾಗಾಗಿ ಮಂಜು ಹೆಚ್ಚು. ನೀಲಗಿರಿಯಲ್ಲಿ ಕಾಣುವ, ಸೊಂಟದೆತ್ತರಕ್ಕೆ ಸಪಾಟಾಗಿ ಕತ್ತರಿಸಿದ ಪೊದೆಗಳನ್ನು ಇಲ್ಲಿ ಕಲ್ಪಿಸಿಕೊಳ್ಳಬೇಡಿ. ವೂದೊಂಗ್ ಮೇಲಿನ ಹಳೆಯ ಗಿಡಗಳು ನಿಜವಾದ ಮರಗಳು. ಏಣಿ ಇಟ್ಟು ಹತ್ತಿ ಕೊಯ್ಯುತ್ತಾರೆ.

ದಾನ್‌ತ್ಸೊಂಗ್ ಎಂಬ ಮಾತಿನ ಅರ್ಥ ಒಂಟಿ ಗಿಡ. ಹಿಂದೆ ಒಂದೊಂದು ಮರದ ಎಲೆಯನ್ನೂ ಬೇರೆಬೇರೆಯಾಗಿಯೇ ಹದ ಮಾಡುತ್ತಿದ್ದರು. ಈಗ ಮಾರುಕಟ್ಟೆಯಲ್ಲಿರುವುದರಲ್ಲಿ ಬಹುಪಾಲು ಒಳ್ಳೆಯ ಮರಗಳಿಂದ ಕಸಿ ಮಾಡಿದ ತೋಟಗಳದ್ದು. ಹೆಸರು ಮಾತ್ರ ಹಳೆಯದೇ ಉಳಿದಿದೆ. ಅದು ಮೋಸವಲ್ಲ. ಆದರೆ ಸಾಧಾರಣ ಬೆಲೆಗೆ ‘ನೂರಾರು ವರ್ಷದ ಒಂದೇ ಮರದ ಎಲೆ’ ಎಂದು ಮಾರುವವರನ್ನು ನಂಬುವ ಅಗತ್ಯವಿಲ್ಲ. (ಇದೇ ಬೆಟ್ಟದ ಇನ್ನೊಂದು ಬಗೆಗೆ ‘ಬಾತುಕೋಳಿ ಹಿಕ್ಕೆ ಪರಿಮಳ’ ಎಂದು ಹೆಸರು. ಯಾರೂ ಸಸಿ ಕದಿಯದಿರಲಿ ಎಂದು ಬೆಳೆಗಾರನೇ ಹಾಗೆ ಕರೆದ ಎಂಬ ಕತೆಯಿದೆ. ಕುಡಿಯಲು ಸೊಗಸಾಗಿದೆ.)

ಪರಿಮಳ ಹುಟ್ಟುವುದು ಒಂದೇ ರಾತ್ರಿಯಲ್ಲಿ. ಬಿಸಿಲಿರುವ ದಿನ ಮಧ್ಯಾಹ್ನದ ಮೇಲೆ ಕೊಯ್ದು, ಇಳಿಬಿಸಿಲಲ್ಲಿ ಬಾಡಿಸಿ, ರಾತ್ರಿಯಿಡೀ ಹೊತ್ತುಹೊತ್ತಿಗೆ ಎಲೆಯನ್ನು ಅಲುಗಿಸಿ ಅಂಚು ಜಜ್ಜುತ್ತಾರೆ. ಜಜ್ಜಿದಲ್ಲಿ ಕೆಂಪಾಗುತ್ತದೆ, ನಡುವೆ ಹಸಿರು ಉಳಿಯುತ್ತದೆ. ಟೀ ಕುಡಿದು ಮುಗಿದ ಮೇಲೆ ನೆನೆದ ಎಲೆಯನ್ನು ಬಿಡಿಸಿ ನೋಡಿದರೆ ಹಸಿರು ಸೀರೆಗೆ ಕೆಂಪಂಚು ಇಟ್ಟಂತೆ ಕಾಣಬೇಕು. ಮಳೆಯ ದಿನ ಕೊಯ್ದ ಎಲೆಗೆ ಈ ಹದ ಬರುವುದಿಲ್ಲ. ವಸಂತದಲ್ಲಿ ಮಳೆ ಹಿಡಿದ ವರ್ಷ ಅದೇ ತೋಟದ ಟೀ ಸಪ್ಪೆಯಾಗುವುದು ಇದರಿಂದಲೇ.

ಇನ್ನು ಮಾಡುವ ಕ್ರಮ. 100 ಮಿ.ಲೀ. ಗೈವಾನ್, ಅಂದರೆ ಮುಚ್ಚಳದ ಪಿಂಗಾಣಿ ಬಟ್ಟಲು, 5 ಗ್ರಾಂ ಎಲೆ. ಚಾವೋಝೋದವರು 7-8 ಗ್ರಾಂ ತುಂಬುತ್ತಾರೆ, ಅದಕ್ಕೆ ಕೈ ಪಳಗಿರಬೇಕು. ಚಮಚದ ಅಳತೆ ಇಲ್ಲಿ ನಡೆಯದು: ಎಲೆ ಉದ್ದನೆಯ ತಿರುಚಿದ ಕಡ್ಡಿಯಂತಿದ್ದು ಚಮಚದಲ್ಲಿ ನಿಲ್ಲುವುದಿಲ್ಲ, 0.1 ಗ್ರಾಂ ತೋರಿಸುವ ತಕ್ಕಡಿ ಬೇಕು. ನೀರು ಕುದಿಯುತ್ತಿರಲಿ. ಬೆಂಗಳೂರಿನ ಎತ್ತರದಲ್ಲಿ ಅದು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ವೂದೊಂಗ್ ಮೇಲಿನ ಹಳ್ಳಿಗಳಲ್ಲೂ ಹೆಚ್ಚುಕಡಿಮೆ ಅಷ್ಟೇ, ಚಿಂತೆಯಿಲ್ಲ. ಎಲೆಯ ನಡುವಿಗೆ ಸುರಿಯದೆ ಬಟ್ಟಲಿನ ಅಂಚಿನಗುಂಟ ಸುರಿಯಿರಿ. ಅದೇ ಎಲೆಗೆ ಮತ್ತೆಮತ್ತೆ ನೀರು ಹಾಕಿ ಬಸಿಯಬೇಕು: ಮೊದಲ ಮೂರು ಸುತ್ತು 5ರಿಂದ 8 ಸೆಕೆಂಡು, ನಾಲ್ಕನೆಯದು 10, ಆಮೇಲೆ 15, 20, 30 ಹೀಗೆ. ಒಳ್ಳೆಯ ಎಲೆ ಹತ್ತು ಸುತ್ತು ತಾಳುತ್ತದೆ. ಕುಡಿಯುವ ಮೂರು ಪುಟ್ಟ ಬಟ್ಟಲುಗಳಿಗೆ ಒಂದಾದ ಮೇಲೊಂದು ತುಂಬಿಸದೆ, ಮೂರಕ್ಕೂ ಸ್ವಲ್ಪಸ್ವಲ್ಪವೇ ಸುತ್ತಿಸುತ್ತ ಸುರಿಯುವುದು ಚಾವೋಝೋ ಪದ್ಧತಿ. ಇಲ್ಲದಿದ್ದರೆ ಮೊದಲ ಬಟ್ಟಲು ನೀರು, ಕೊನೆಯದು ಕಷಾಯ.

ಎಡವುವುದು ಎಲ್ಲಿ? ಬಸಿದ ಮೇಲೂ ತಳದಲ್ಲಿ ಒಂದೆರಡು ಚಮಚ ಉಳಿಯುವುದು ಮೊದಲ ಕಾರಣ. ಮುಂದಿನ ಸುತ್ತಿನವರೆಗೆ ಅದು ಅಲ್ಲೇ ಕುಳಿತು ಕಹಿ ಕೂಡಿಸುತ್ತದೆ, ಹನಿ ನಿಲ್ಲುವವರೆಗೂ ಬಸಿಯಿರಿ. ಕಹಿಗೆ ಹೆದರಿ 80 ಡಿಗ್ರಿ ನೀರು ಹಾಕುವುದು ಇನ್ನೊಂದು ತಪ್ಪು: ಕಹಿ ಕಡಿಮೆಯಾಗುತ್ತದೆ, ಜೊತೆಗೆ ಪರಿಮಳವೂ. ಬೇಕಾದರೆ ಎಲೆ ಕಡಿಮೆ ಮಾಡಿ, ಬಿಸಿಯನ್ನಲ್ಲ.

ಸರಿ ಬಂದಾಗ ನುಂಗಿದ ಮೇಲೆ ಗಂಟಲಲ್ಲಿ ಸಿಹಿ ಏಳುತ್ತದೆ. ಬೆಟ್ಟದ ನೆಲ್ಲಿಕಾಯಿ ತಿಂದು ನೀರು ಕುಡಿದರೆ ಬರುವ ಸಿಹಿ ನೆನಪಿದೆಯಲ್ಲ, ಅದೇ ಜಾತಿಯದು. ಎತ್ತರದಲ್ಲಿ ಬೆಳೆದ ಎಲೆಯಲ್ಲಿ ಇದು ಹೆಚ್ಚು ಹೊತ್ತು ನಿಲ್ಲುತ್ತದೆ, ಜೊತೆಗೆ ಪಾಚಿ ಹಿಡಿದ ಒದ್ದೆ ಬಂಡೆಯಂಥ ಒಂದು ವಾಸನೆ.

ನೀರಿನ ವಿಷಯದಲ್ಲಿ ರಾಜಿ ಇಲ್ಲ. ಬೋರ್‌ವೆಲ್‌ನ ಗಡಸು ನೀರಲ್ಲಿ ಬಣ್ಣ ಕಪ್ಪಾಗಿ ಹೂವಿನ ಪರಿಮಳ ಸತ್ತುಹೋಗುತ್ತದೆ. ಪೂರ್ತಿ ಆರ್‌ಒ ನೀರಲ್ಲಿ ರುಚಿ ತೆಳು, ಚೂಪು. ಆರ್‌ಒ ನೀರಿಗೆ ಸೋಸಿದ ನಲ್ಲಿ ನೀರು ಬೆರೆಸಿ ಟಿಡಿಎಸ್ (ನೀರಲ್ಲಿ ಕರಗಿದ ಲವಣದ ಅಳತೆ) 50-80ಕ್ಕೆ ತಂದರೆ ಸಾಕು.

ಹುರಿಯುವ ಹದವನ್ನು ಕೇಳಿಯೇ ಕೊಳ್ಳಿ. ಕಡಿಮೆ ಹುರಿದದ್ದರ ಹೂವಿನ ಗಮಲು ಮೊದಲ ದಿನ ಮರುಳು ಮಾಡುತ್ತದೆ, ಆದರೆ ಡಬ್ಬಿ ತೆರೆದ ಮೇಲೆ ತಿಂಗಳುಗಳಲ್ಲೇ ಹಸಿ ವಾಸನೆಗೆ ತಿರುಗುತ್ತದೆ. ಇದ್ದಿಲಿನ ಮೇಲೆ ಮಧ್ಯಮ ಹದಕ್ಕೆ ಹುರಿದದ್ದು ನಮ್ಮ ಹವೆಗೆ ಲೇಸು. ಹೊಸದಾಗಿ ಹುರಿದದ್ದಾದರೆ ಸುಟ್ಟ ವಾಸನೆ ಇರುತ್ತದೆ. ಕೆಟ್ಟದ್ದೆಂದು ಎಸೆಯದೆ ಒಂದೆರಡು ತಿಂಗಳು ಮುಚ್ಚಿಡಿ. ಮಲೆನಾಡು, ಕರಾವಳಿಯಲ್ಲಿ ಮಳೆಗಾಲಕ್ಕೆ ಮುಂಚೆ 50 ಗ್ರಾಂ ಪೊಟ್ಟಣಗಳಾಗಿ ಗಾಳಿಯಾಡದಂತೆ ಕಟ್ಟಿ. ಒಂದು ಪೊಟ್ಟಣ ಹತ್ತು ಬಾರಿಗೆ ಆಗುತ್ತದೆ. ಎಲೆ ಚಟ್ಟನೆ ಮುರಿಯಬೇಕು, ಬಾಗಿದರೆ ತೇವ ಹಿಡಿದಿದೆ ಎಂದೇ ಅರ್ಥ. ತೆರೆದ ಪೊಟ್ಟಣ ಫ್ರಿಜ್ಜಿಗೆ ಬೇಡ. ಸಾರಿನಪುಡಿ ಡಬ್ಬಿಯ ಪಕ್ಕಕ್ಕಂತೂ ಬೇಡವೇ ಬೇಡ.

ಬೆಲೆಯ ಮಾತು. 800 ಮೀಟರಿಗಿಂತ ಮೇಲೆ ಬೆಳೆದ ಎಲೆಗೆ ಹೇಳುವ ಹಣ ಆರನೆಯ ಸುತ್ತಿನ ನಂತರ ಮಾತ್ರ ಸಾರ್ಥಕ. ಮೂರು ಸುತ್ತಿಗೆ ನಿಲ್ಲಿಸುವವರಿಗೆ 400-800 ಮೀಟರಿನ ನಡುವಿನ ಎಲೆ ಧಾರಾಳವಾಯಿತು. ಕೃತಕ ಸುವಾಸನೆ ಹಚ್ಚಿದ್ದನ್ನು ಪತ್ತೆ ಮಾಡುವುದು ಸುಲಭ: ಪೊಟ್ಟಣ ಬಿಚ್ಚುತ್ತಲೇ ಘಮ್ಮೆನ್ನುತ್ತದೆ, ಮೂರನೆಯ ಸುತ್ತಿಗೆ ಏನೂ ಇರುವುದಿಲ್ಲ.

ಹಾಲು, ಸಕ್ಕರೆ ಹಾಕಲೇಬೇಕು ಎನ್ನುವವರು ಇದನ್ನು ಕೊಳ್ಳಬಾರದು, ಅಸ್ಸಾಂ ಪುಡಿ ಅದಕ್ಕೆ ಹೇಳಿ ಮಾಡಿಸಿದ್ದು. ಪೊಟ್ಟಣದ ತಳದಲ್ಲಿ ಉಳಿಯುವ ಮುರುಕು ಎಲೆ ಬಿಸಿನೀರಿಗೆ ಬೇಗ ಕಹಿ ಬಿಡುತ್ತದೆ. ಅದನ್ನು 5 ಗ್ರಾಮಿಗೆ 700 ಮಿ.ಲೀ. ತಣ್ಣೀರು ಹಾಕಿ ರಾತ್ರಿ ಫ್ರಿಜ್ಜಿನಲ್ಲಿಟ್ಟು ಬೆಳಿಗ್ಗೆ ಸೋಸಿ. ಒಗರಿಲ್ಲದೆ ಜೇನಿನ ಗಮಲಷ್ಟೇ ಸಿಗುತ್ತದೆ.