ಕಲಬುರಗಿಯ ಬಿಸಿಲೋ, ಮಂಗಳೂರಿನ ಸೆಕೆಯೋ: ನನ್ನ ಓಟು ಬಿಸಿಲಿಗೆ

ಕಲಬುರಗಿಯ 42 ಡಿಗ್ರಿ, ಮಂಗಳೂರಿನ 34 ಡಿಗ್ರಿ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಅಂದರೆ ನಾನು ಹಿಂದೆಮುಂದೆ ನೋಡದೆ ಕಲಬುರಗಿ ಎನ್ನುತ್ತೇನೆ. ಸರ್ಕಾರಿ ನೌಕರಿ, ವರ್ಗಾವಣೆ ಆದಲ್ಲೆಲ್ಲ ಸಂಸಾರ ಕಟ್ಟಿಕೊಂಡು ಹೋದವನು. ಎರಡೂ ಊರಿನ ಏಪ್ರಿಲ್, ಮೇ ಕಂಡಿದ್ದೇನೆ, ಈಗ ಬೆಂಗಳೂರಿನಲ್ಲಿದ್ದೇನೆ. ಮಂಗಳೂರಿನವರು ಬೈಯುವ ಮುಂಚೆಯೇ ಹೇಳಿಬಿಡುತ್ತೇನೆ: ಊಟ, ಶಾಲೆ, ಆಸ್ಪತ್ರೆ ಎಲ್ಲದರಲ್ಲೂ ನಿಮ್ಮೂರೇ ಮುಂದೆ. ನನ್ನ ತಕರಾರು ಸೆಕೆಯ ಮೇಲೆ ಮಾತ್ರ.

ಕಲಬುರಗಿಯಲ್ಲಿ ಮೊದಲ ಬೇಸಿಗೆಗೇ ಕೂಲರ್ ಕೊಂಡೆವು. ತಗಡಿನ ಬಾಡಿ, ಮೂರು ಕಡೆ ಹುಲ್ಲಿನ ಪ್ಯಾಡು, ಕೆಳಗೆ ನೀರಿನ ತೊಟ್ಟಿ, ಅದರಲ್ಲೊಂದು ಪುಟ್ಟ ಪಂಪು. ಅಂಗಡಿಯವನು ಕೊಟ್ಟ ಬುದ್ಧಿಮಾತು ಒಂದೇ: "ಖಿಡಕಿಗಿ ಹೊರಗಿಂದ ಕೂಡಸ್ರಿ ಸರ್, ಎದುರಿನ ಬಾಗಲಾ ಜರಾ ತೆರದ ಇಡ್ರಿ." ಹಾಗೇ ಮಾಡಿದೆವು. ಹೊರಗೆ ರಸ್ತೆಯಲ್ಲಿ ನಾಯಿ ಕೂಡ ಕಾಣದ ಮಧ್ಯಾಹ್ನದಲ್ಲಿ, ಶಹಾಬಾದ್ ಕಲ್ಲಿನ ಪರಸಿಯ ನೆಲಕ್ಕೆ ಚಾಪೆ ಹಾಸಿ ಮಲಗಿದರೆ ಕಾಲಿಗೆ ಹೊದ್ದುಕೊಳ್ಳಲು ಏನಾದರೂ ಬೇಕೆನಿಸುತ್ತಿತ್ತು. ತೊಟ್ಟಿಗೆ ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಕೊಡ ಕೊಡ ನೀರು ಸುರಿಯಬೇಕು, ಅಷ್ಟೇ ಕಷ್ಟ.

ಮಂಗಳೂರಿಗೆ ವರ್ಗವಾದಾಗ ಲಾರಿಯಲ್ಲಿ ಜಾಗವಿತ್ತು, ಕೂಲರೂ ಬಂತು. ಸಾಮಾನು ಇಳಿಸುವುದನ್ನು ನೋಡುತ್ತಿದ್ದ ಓನರ್ ಆಂಟಿ ಅಲ್ಲೇ ಭವಿಷ್ಯ ಹೇಳಿದರು: "ಇದೆಂತದು ಮಾರಾಯ್ರೆ, ಗಾಳಿಯಲ್ಲೇ ನೀರುಂಟು, ಪುನಃ ನೀರು ಹಾಕುವುದಾ?"

ಕೂಲರ್ ಚೆನ್ನಾಗಿಯೇ ತಿರುಗಿತು. ಗಾಳಿಯೂ ಬಂತು. ಆದರೆ ಒಂದು ತಾಸಿನಲ್ಲಿ ಹಾಸಿಗೆ ಮುಟ್ಟಿದರೆ ಜಿಗುಟು, ಮೇಜಿನ ಮೇಲಿದ್ದ ಪೇಪರ್ ಮೆತ್ತಗಾಗಿ ಬಾಗಿತ್ತು, ಉಪ್ಪಿನ ಡಬ್ಬಿಯಲ್ಲಿ ಚಮಚ ಅಲ್ಲಾಡಲಿಲ್ಲ. ಕೂಲರ್ ನಿಲ್ಲಿಸಿದರೆ ಬೆವರು, ಹಾಕಿದರೆ ಬೆವರಿನ ಜೊತೆ ತೇವ. ನನಗೆ ಎಲ್ಲ ಅರ್ಥವಾದದ್ದು ಬೆಳಗ್ಗೆ ತೊಟ್ಟಿ ನೋಡಿದಾಗ. ರಾತ್ರಿಯೆಲ್ಲ ಓಡಿಸಿದ್ದರೂ ನೀರು ಹೆಚ್ಚು ಇಳಿದೇ ಇರಲಿಲ್ಲ.

ಅದರಲ್ಲೇ ಇದೆ ವಿಷಯ. ಕೂಲರ್ ತಣ್ಣಗೆ ಮಾಡುವುದು ನೀರಿನಿಂದಲ್ಲ, ನೀರು ಆವಿಯಾಗುವುದರಿಂದ. ಆವಿಯಾಗುವ ನೀರು ಗಾಳಿಯ ಬಿಸಿಯನ್ನು ಹೀರಿಕೊಳ್ಳುತ್ತದೆ. ಗಾಳಿಯಲ್ಲಿ ಮೊದಲೇ ತೇವ ಹೆಚ್ಚಿದ್ದರೆ ನೀರು ಆವಿಯಾಗುವುದೂ ಕಮ್ಮಿ. ಥರ್ಮಾಮೀಟರಿನ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಗಾಳಿಗೆ ಹಿಡಿದರೆ ಅದು ಎಷ್ಟಕ್ಕೆ ಇಳಿಯುತ್ತದೋ, ಕೂಲರ್ ಅದಕ್ಕಿಂತ ಕೆಳಗೆ ಇಳಿಸಲಾರದು. 42 ಡಿಗ್ರಿ, ತೇವಾಂಶ ಶೇ 20 ಇರುವ ಕಲಬುರಗಿಯ ಮಧ್ಯಾಹ್ನದಲ್ಲಿ ಆ ಒದ್ದೆ ಥರ್ಮಾಮೀಟರ್ ಸುಮಾರು 24ಕ್ಕೆ ಬರುತ್ತದೆ. 34 ಡಿಗ್ರಿ, ಶೇ 65 ತೇವಾಂಶದ ಮಂಗಳೂರಿನಲ್ಲಿ 28 ದಾಟಿ ನಿಂತುಬಿಡುತ್ತದೆ. ಹೊರಗಿನ ಗಾಳಿ ಎಂಟು ಡಿಗ್ರಿ ತಂಪಿರುವ ಊರಿನಲ್ಲಿ ಕೂಲರಿನ ಗಾಳಿಯೇ ಹೆಚ್ಚು ಬಿಸಿ!

ನಮ್ಮ ಮೈಯೂ ಇದೇ ಲೆಕ್ಕದ ಮೇಲೆ ನಡೆಯುವ ಕೂಲರು. ಕಲಬುರಗಿಯಲ್ಲಿ ಬೆವರು ಬಂದದ್ದೇ ತಿಳಿಯುವುದಿಲ್ಲ, ಅಂಗಿಯ ಮೇಲೆ ಬಿಳಿ ಉಪ್ಪಿನ ಗೆರೆ ಬಿಟ್ಟು ಆರಿಹೋಗಿರುತ್ತದೆ. ಮಂಗಳೂರಿನಲ್ಲಿ ಸ್ನಾನ ಮಾಡಿ ಬೈರಾಸಿನಲ್ಲಿ ಒರೆಸಿಕೊಳ್ಳುತ್ತಿರುವಾಗಲೇ ಮತ್ತೆ ಬೆವರು, ಯಾವುದು ಸ್ನಾನದ ನೀರು ಯಾವುದು ಬೆವರು ಗೊತ್ತಾಗುವುದಿಲ್ಲ. ಮಣ್ಣಿನ ಗಡಿಗೆಯ ಕಥೆಯೂ ಅದೇ: ಕಲಬುರಗಿಯಲ್ಲಿ ಹಲ್ಲು ಜುಮ್ಮೆನ್ನುವ ನೀರು, ಮಂಗಳೂರಿನಲ್ಲಿ ಬರೀ ನೀರು. ಹವಾಮಾನ ಇಲಾಖೆಯೂ ಈ ವ್ಯತ್ಯಾಸ ಒಪ್ಪಿದೆ. ಬಯಲು ಸೀಮೆಯಲ್ಲಿ ಉಷ್ಣ ಅಲೆ ಎನ್ನಲು ತಾಪಮಾನ 40 ಮುಟ್ಟಬೇಕು, ಕರಾವಳಿಗೆ 37 ಸಾಕು. ಸಾಮಾನ್ಯವಾಗಿ ಎರಡೂ ಕಡೆ ವಾಡಿಕೆಗಿಂತ 4.5 ಡಿಗ್ರಿಯಾದರೂ ಏರಿರಬೇಕು.

ಕೊನೆಗೆ ಮಂಗಳೂರಿನಲ್ಲಿ ಎಸಿ ಹಾಕಿಸಿದೆವು. ಗಾಳಿಯಿಂದ ನೀರನ್ನೇ ತೆಗೆದು ಪೈಪಿನಲ್ಲಿ ಹೊರಗೆ ಹಾಕುತ್ತದೆ, ಆ ಊರಿಗೆ ಬೇಕಾದದ್ದೂ ಅದೇ. ಆದರೆ ನಮ್ಮ ಕೂಲರ್ ಸುಮಾರು 200 ವ್ಯಾಟಿನದು, ಐದು ತಾಸು ಓಡಿದರೆ ಒಂದು ಯೂನಿಟ್. ಒಂದೂವರೆ ಟನ್ನಿನ ಎಸಿ ಪೂರ್ತಿ ಜೋರಿನಲ್ಲಿದ್ದಾಗ ಅಷ್ಟನ್ನು ಮುಕ್ಕಾಲು ತಾಸಿನಲ್ಲೇ ನುಂಗುತ್ತದೆ. ಬಿಲ್ ಬಂದ ದಿನ ಮನೆಯಲ್ಲಿ ಎಸಿಗಿಂತ ಬಿಸಿ ಮಾತುಗಳೇ ಹೆಚ್ಚು. ಪುನರ್ಪುಳಿ ಶರಬತ್ತು ಮತ್ತು ಬೊಂಡ (ಎಳನೀರು) ಇಲ್ಲದಿದ್ದರೆ ಆ ಊರಿನ ಮೇ ತಿಂಗಳನ್ನು ನಾನು ದಾಟುತ್ತಿರಲಿಲ್ಲ.

ಕಲಬುರಗಿಯ ಪರವಾಗಿ ಇನ್ನೊಂದು, ನೌಕರರಿಗೆ ಮಾತ್ರ ತಿಳಿಯುವ ಸುಖ: ಏಪ್ರಿಲ್, ಮೇನಲ್ಲಿ ಆ ವಿಭಾಗದ ಸರ್ಕಾರಿ ಕಚೇರಿಗಳು ಬೆಳಗ್ಗೆ 8ಕ್ಕೆ ಶುರುವಾಗಿ ಮಧ್ಯಾಹ್ನ 1.30ಕ್ಕೆ ಮುಗಿಯುತ್ತವೆ. ಒಂದೂವರೆಗೆ ಮುಖಕ್ಕೆ ಟವೆಲ್ ಸುತ್ತಿಕೊಂಡು ಗಾಡಿ ಓಡಿಸುವ ಹೊತ್ತು ನರಕವೇ, ಸೀಟಿನ ಮೇಲೆ ಒದ್ದೆ ಗೋಣಿಚೀಲ ಹಾಕದೆ ಕೂರಲಾಗದು. ಆದರೆ ಮನೆ ಸೇರಿದರೆ ಮಜ್ಜಿಗೆ, ಜೋಳದ ರೊಟ್ಟಿ, ಕೂಲರು, ನಿದ್ದೆ. ಮಂಗಳೂರಿನಲ್ಲಿ ಸೆಕೆಗೆ ರಿಯಾಯಿತಿ ಇಲ್ಲ, ಸಂಜೆವರೆಗೂ ಫ್ಯಾನಿನ ಕೆಳಗೆ ಫೈಲು ಹಾರದಂತೆ ಪೇಪರ್‌ವೇಟ್ ಇಟ್ಟುಕೊಂಡು ಬೆವರಬೇಕು.

ಕಲಬುರಗಿಯಲ್ಲಿ ಎಲ್ಲ ಚೆನ್ನ ಅಂತಲ್ಲ. ಬೋರಿನ ನೀರು ಗಡಸು, ಪ್ಯಾಡಿಗೆ ಸುಣ್ಣದಂಥ ಪೊರೆ ಕಟ್ಟುತ್ತದೆ, ಪ್ರತಿ ವರ್ಷ ಬದಲಾಯಿಸಬೇಕು. ನಳದ ನೀರು ಬಾರದ ದಿನ ಕೂಲರಿಗೆ ಹಾಕಲೋ ಪಾತ್ರೆ ತೊಳೆಯಲೋ ಎಂಬ ಜಗಳ. ಆರ್‌ಸಿಸಿ ಮನೆಯ ಗೋಡೆ ನಡುರಾತ್ರಿಯವರೆಗೂ ಬಿಸಿ ಕಾರುತ್ತದೆ. ಬೆವರು ಕಾಣದೇ ಆರುವುದರಿಂದ ಮೈಯಲ್ಲಿ ನೀರು ಕಮ್ಮಿಯಾದದ್ದೂ ಗೊತ್ತಾಗುವುದಿಲ್ಲ, ಅದು ನಿಜವಾಗಿ ಅಪಾಯ. ಹೊಲದಲ್ಲೋ ಗಾರೆ ಕೆಲಸದಲ್ಲೋ ದುಡಿಯುವವರು ಕೂಲರ್ ಮುಂದೆ ಮಲಗಿದವನ ಈ ತೀರ್ಪನ್ನು ನಂಬಬಾರದು.

ಬೆಂಗಳೂರು? 2016ರ ಏಪ್ರಿಲ್‌ನಲ್ಲಿ 39.2 ಮುಟ್ಟಿದಾಗ ಇಡೀ ಊರು ಬಾಯಿ ಬಡಿದುಕೊಂಡಿತ್ತು. ಒಂದು ಸಂಜೆ ಮಳೆ ಬಂದರೆ ಎಲ್ಲ ಮರೆತುಹೋಗುತ್ತದೆ. ಸ್ಪರ್ಧೆಗೇ ಸೇರಿಸಬೇಡಿ.

ಮತ್ತೆ ವರ್ಗಾವಣೆಯ ಪಟ್ಟಿಯಲ್ಲಿ ಎರಡೂ ಊರು ಬಂದರೆ ಕಲಬುರಗಿಯನ್ನೇ ಮೊದಲು ಬರೆಯುತ್ತೇನೆ: ಮೇಲಿನ ಮಹಡಿ ಬೇಡ, ಕೂಲರ್ ಕೂರುವ ಕಿಟಕಿ ಬೇಕು, ಮನೆಗೊಂದು ಸಂಪ್ ಇರಬೇಕು. ಮಂಗಳೂರೇ ಗತಿಯಾದರೆ ಸಮುದ್ರದ ಗಾಳಿ ಬೀಸುವ ಹಂಚಿನ ಮನೆ ಹುಡುಕಿ, ಒಂದು ಕೋಣೆಗೆ ಎಸಿ ಹಾಕಿಸಿ. ಕೂಲರನ್ನು ಲಾರಿ ಹತ್ತಿಸುವ ಮುಂಚೆ ಪಕ್ಕದ ಮನೆಯವರಿಗೆ ಮಾರಿಬಿಡಿ, ಕಲಬುರಗಿಯಲ್ಲಾದರೆ ಮಾರ್ಚ್‌ನಲ್ಲಿ ಒಳ್ಳೇ ರೇಟು ಸಿಗುತ್ತದೆ.