ಉಬುಂಟುವಿನಲ್ಲಿ ಆರ್ ಪ್ಯಾಕೇಜ್‌ಗಳು: ನಾಲ್ಕು ದಾರಿಗಳನ್ನು ಪರೀಕ್ಷಿಸಿ ನೋಡಿದಾಗ

ವಿಂಡೋಸ್ ಅಥವಾ ಮ್ಯಾಕ್‌ನಲ್ಲಿ ಸಂಖ್ಯಾಶಾಸ್ತ್ರದ ಪ್ರೋಗ್ರಾಮಿಂಗ್ ಭಾಷೆಯಾದ ಆರ್ ಬಳಸುವವರಿಗೆ, ಆರ್ ಪ್ಯಾಕೇಜ್‌ಗಳ ಅಧಿಕೃತ ಭಂಡಾರವಾದ ಕ್ರಾನ್ ಅವುಗಳನ್ನು ಮೊದಲೇ ಕಂಪೈಲ್ ಮಾಡಿ, ಅಂದರೆ ಯಂತ್ರ ನೇರವಾಗಿ ಓಡಿಸಬಲ್ಲ ರೂಪಕ್ಕೆ ತಂದು, ಕೊಡುತ್ತದೆ. ಲಿನಕ್ಸ್ ಬಳಸುವವರಿಗೆ ಅದು ಕೊಡುವುದು ಮೂಲ ಕೋಡ್ ಮಾತ್ರ. ಕಂಪೈಲ್ ಮಾಡಿಕೊಳ್ಳುವ ಹೊಣೆ ನಮ್ಮದು. ಸಂಖ್ಯಾಶಾಸ್ತ್ರದ ವಿದ್ಯಾರ್ಥಿಗಳು ನನ್ನ ಬಳಿ ತರುವ ಎರರ್‌ಗಳಲ್ಲಿ ಹೆಚ್ಚಿನವು ಈ ಒಂದು ವ್ಯತ್ಯಾಸದಿಂದಲೇ ಹುಟ್ಟಿದವು. ಆದ್ದರಿಂದ ಉಬುಂಟು 22.04 ಇರುವ ಒಂದೇ ಲ್ಯಾಪ್‌ಟಾಪ್‌ನಲ್ಲಿ, ಹಿಂದಿನ ಪ್ರಯತ್ನದ ಪ್ಯಾಕೇಜ್‌ಗಳನ್ನು ಅಳಿಸುತ್ತ, ದತ್ತಾಂಶ ವಿಶ್ಲೇಷಣೆಯ ಪ್ಯಾಕೇಜ್‌ಗಳ ಗುಂಪಾದ ಟೈಡಿವರ್ಸ್ ಮತ್ತು ನಕ್ಷೆಗಳಿಗೆ ಬಳಸುವ ಎಸ್‌ಎಫ್ ಎರಡನ್ನೂ ನಾಲ್ಕು ದಾರಿಗಳಲ್ಲಿ ಸ್ಥಾಪಿಸಿ ನೋಡಿದೆ.

ಇಲ್ಲಿ ‘ಲೈಬ್ರರಿ’ ಎಂಬ ಪದಕ್ಕೆ ಎರಡು ಅರ್ಥಗಳಿರುವುದನ್ನು ಮೊದಲೇ ಹೇಳಬೇಕು. ಆರ್ ತನ್ನ ಪ್ಯಾಕೇಜ್‌ಗಳನ್ನು ಇಡುವ ಫೋಲ್ಡರ್ ಒಂದು ಲೈಬ್ರರಿ; ಆ ಪ್ಯಾಕೇಜ್‌ಗಳು ನೆಚ್ಚಿಕೊಂಡಿರುವ, ಆರ್‌ಗೆ ಸೇರದ ಸಿಸ್ಟಂ ಲೈಬ್ರರಿಗಳು ಬೇರೆ. ಎಸ್‌ಎಫ್‌ಗೆ ಜಿಡಾಲ್, ಜಿಯೋಸ್, ಪ್ರೋಜ್ ಎಂಬ ಸಿಸ್ಟಂ ಲೈಬ್ರರಿಗಳು ಬೇಕು. ಅದು ಅವಲಂಬಿಸಿರುವ ಯೂನಿಟ್ಸ್ ಎಂಬ ಆರ್ ಪ್ಯಾಕೇಜ್‌ಗೆ ಯುಡಿಯುನಿಟ್ಸ್ ಎಂಬ ಸಿಸ್ಟಂ ಲೈಬ್ರರಿ ಬೇಕು. ಇವನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದರಲ್ಲೇ ನಾಲ್ಕು ದಾರಿಗಳ ನಿಜವಾದ ಭೇದವಿದೆ.

ಮೊದಲನೆಯದು, ಕ್ರಾನ್‌ನಿಂದ ಮೂಲ ಕೋಡ್ ತಂದು ಕಂಪೈಲ್ ಮಾಡುವ ಸಾಮಾನ್ಯ ದಾರಿ. ನನ್ನ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಟೈಡಿವರ್ಸ್ ಒಂದಕ್ಕೇ ಅರ್ಧ ಗಂಟೆಗಿಂತ ಹೆಚ್ಚು ಹಿಡಿಯಿತು. ಅದೂ ಕರ್ಲ್, ಓಪನ್‌ಎಸ್‌ಎಸ್‌ಎಲ್, ಎಕ್ಸ್‌ಎಂಎಲ್2 ಪ್ಯಾಕೇಜ್‌ಗಳಿಗೆ ಬೇಕಾದ, ಹೆಸರಿನ ಕೊನೆಯಲ್ಲಿ ‘ಡೆವ್’ ಎಂದಿರುವ ಸಿಸ್ಟಂ ಪ್ಯಾಕೇಜ್‌ಗಳನ್ನು ಉಬುಂಟುವಿನ ಸ್ಥಾಪನಾ ಸಾಧನವಾದ ಆಪ್ಟ್ ಮೂಲಕ ಹಾಕಿದ ಮೇಲೆ. ಎಸ್‌ಎಫ್ ಮೊದಲ ಪ್ರಯತ್ನದಲ್ಲಿ ‘ನಾನ್-ಝೀರೋ ಎಕ್ಸಿಟ್ ಸ್ಟೇಟಸ್’ ಎಂದು ನಿಂತಿತು. ವಿದ್ಯಾರ್ಥಿಗಳು ಈ ಕೊನೆಯ ಸಾಲನ್ನೇ ನಕಲಿಸಿ ನನಗೆ ಕಳುಹಿಸುತ್ತಾರೆ, ಆದರೆ ಅದರಲ್ಲಿ ಕಾರಣ ಇರುವುದೇ ಇಲ್ಲ. ಪರದೆಯನ್ನು ಮೇಲಕ್ಕೆ ಸರಿಸುತ್ತ ಹೋದರೆ, ಜಿಡಾಲ್-ಕಾನ್ಫಿಗ್ ಸಿಗಲಿಲ್ಲ ಎಂಬ ಮೊದಲ ದೂರು ಕಾಣುತ್ತದೆ. ಜಿಡಾಲ್‌ನ ‘ಡೆವ್’ ಪ್ಯಾಕೇಜ್ ಹಾಕಿದರೆ ಅದು ಪರಿಹಾರವಾಗುತ್ತದೆ. ಸ್ಥಾಪನೆ ನಡುವೆ ಕಡಿದುಹೋದರೆ ಲೈಬ್ರರಿ ಫೋಲ್ಡರಿನಲ್ಲಿ ‘00ಲಾಕ್’ ಎಂದು ಶುರುವಾಗುವ ಫೋಲ್ಡರ್ ಉಳಿದು ಮುಂದಿನ ಪ್ರಯತ್ನವನ್ನೂ ತಡೆಯಬಹುದು; ಅದನ್ನು ಅಳಿಸಬೇಕು. ಇಂಟರ್ನೆಟ್ ನಿಧಾನವಾಗಿರುವ ಕಡೆ ಡೌನ್‌ಲೋಡ್ 60 ಸೆಕೆಂಡಿನ ಮಿತಿಗೆ ಸಿಕ್ಕಿ ನಿಲ್ಲುತ್ತದೆ. ಟೈಮ್‌ಔಟ್ ಆಯ್ಕೆಯನ್ನು 300ಕ್ಕೆ ಏರಿಸಿದ ಮೇಲೆ ನನಗೆ ಆ ತೊಂದರೆ ಬರಲಿಲ್ಲ.

ಎರಡನೆಯದು, ಪಾಸಿಟ್ ಸಂಸ್ಥೆಯ ಸಾರ್ವಜನಿಕ ಪ್ಯಾಕೇಜ್ ಮ್ಯಾನೇಜರ್. ಭಂಡಾರದ ವಿಳಾಸದಲ್ಲಿ ಉಬುಂಟು 22.04ರ ಸಂಕೇತನಾಮ ‘ಜ್ಯಾಮಿ’ ಇರುವಂತೆ ಬರೆದರೆ, ಕಂಪೈಲ್ ಆದ ಪ್ಯಾಕೇಜ್‌ಗಳೇ ಬರುತ್ತವೆ. ಟೈಡಿವರ್ಸ್ ಕೆಲವೇ ನಿಮಿಷಗಳಲ್ಲಿ ಮುಗಿಯಿತು. ಆದರೆ ಟರ್ಮಿನಲ್‌ನಿಂದ ಆರ್ ತೆರೆದಾಗ ಅದೇ ವಿಳಾಸವಿದ್ದರೂ ಕಂಪೈಲ್ ಶುರುವಾಯಿತು. ಆರ್ ಆವೃತ್ತಿಯನ್ನು ಸರ್ವರ್‌ಗೆ ತಿಳಿಸುವ ಯೂಸರ್-ಏಜೆಂಟ್ ಆಯ್ಕೆಯನ್ನು, ಆರ್ ಬರೆಯಲು ಬಳಸುವ ಆರ್‌ಸ್ಟುಡಿಯೋ ತಂತ್ರಾಂಶ ತಾನೇ ಹೊಂದಿಸುತ್ತದೆ, ಟರ್ಮಿನಲ್‌ನಲ್ಲಿ ನಾವು ಹೊಂದಿಸಬೇಕು. ಇಲ್ಲವಾದರೆ ಸರ್ವರ್ ಎಚ್ಚರಿಕೆಯನ್ನೂ ಕೊಡದೆ ಮೂಲ ಕೋಡ್ ಕಳುಹಿಸುತ್ತದೆ. ಇನ್ನೊಂದು ತೊಡಕು ಎಸ್‌ಎಫ್‌ನಲ್ಲಿ ಎದುರಾಯಿತು: ಸ್ಥಾಪನೆ ಯಶಸ್ವಿ ಎಂದು ತೋರಿಸಿದರೂ ಲೋಡ್ ಮಾಡುವಾಗ ಯುಡಿಯುನಿಟ್ಸ್‌ನ ‘ಎಸ್‌ಒ’ ಕಡತ ತೆರೆಯಲಾಗಲಿಲ್ಲ ಎಂಬ ಎರರ್ ಬಂತು. ಈ ಭಂಡಾರವು ಪ್ಯಾಕೇಜನ್ನು ಕಂಪೈಲ್ ಮಾಡಿ ಕೊಡುತ್ತದೆಯೇ ಹೊರತು ಸಿಸ್ಟಂ ಲೈಬ್ರರಿಯನ್ನು ಜೊತೆಗೆ ಕಟ್ಟಿಕೊಡುವುದಿಲ್ಲ. ಇದರ ದೊಡ್ಡ ಗುಣವೆಂದರೆ ದಿನಾಂಕದ ಸೌಲಭ್ಯ: ಹಿಂದಿನ ಒಂದು ದಿನ ಭಂಡಾರ ಇದ್ದಂತೆಯೇ ಅದನ್ನು ಬಳಸಬಹುದು. ಉದಾಹರಣೆಗೆ, ಮೇಟ್ರಿಕ್ಸ್ ಪ್ಯಾಕೇಜಿನ 1.7 ಆವೃತ್ತಿ ಆರ್ 4.4ಕ್ಕಿಂತ ಹಳೆಯದರಲ್ಲಿ ಸ್ಥಾಪನೆಯಾಗುವುದಿಲ್ಲ; ಉಬುಂಟು 22.04 ತನ್ನದಾಗಿ ಕೊಡುವುದು ಆರ್ 4.1.2. ಆರ್ ಬದಲಿಸಲು ಅನುಮತಿಯಿಲ್ಲದ ಪ್ರಯೋಗಾಲಯದ ಯಂತ್ರಗಳಲ್ಲಿ ಹಳೆಯ ದಿನಾಂಕದ ಭಂಡಾರವನ್ನು ಆರಿಸಿ, ಆ ಕಾಲಕ್ಕೆ ಹೊಂದುವ ಆವೃತ್ತಿಗಳನ್ನು ಹಾಕಲು ನನಗೆ ಸಾಧ್ಯವಾಯಿತು.

ಮೂರನೆಯದಾದ ಆರ್2ಯು ನನಗೆ ಅತ್ಯಂತ ಮೆಚ್ಚುಗೆಯಾಯಿತು. ಡರ್ಕ್ ಎಡೆಲ್‌ಬ್ಯುಟೆಲ್ ಅವರ ಈ ಯೋಜನೆ ಕ್ರಾನ್ ಪ್ಯಾಕೇಜ್‌ಗಳನ್ನು ಉಬುಂಟುವಿನ ಆಪ್ಟ್ ಪ್ಯಾಕೇಜ್‌ಗಳಾಗಿ ಕೊಡುವುದರಿಂದ, ಜಿಡಾಲ್ ಆಗಲಿ ಯುಡಿಯುನಿಟ್ಸ್ ಆಗಲಿ ಆಪ್ಟ್ ಮೂಲಕ ತಾವಾಗಿ ಬರುತ್ತವೆ. ಜೊತೆಗಿನ ಬಿಎಸ್‌ಪಿಎಂ ಎಂಬ ಪ್ಯಾಕೇಜ್, ಆರ್ ಒಳಗೆ ಬರೆಯುವ ಎಂದಿನ ಸ್ಥಾಪನೆಯ ಆದೇಶವನ್ನೇ ಆಪ್ಟ್‌ಗೆ ದಾಟಿಸುತ್ತದೆ. ಎಸ್‌ಎಫ್ ಮೊದಲ ಯತ್ನದಲ್ಲೇ ಲೋಡ್ ಆಯಿತು. ಆದರೂ ಒಂದು ಸಂಜೆಯೆಲ್ಲ ನನ್ನನ್ನು ಕಾಡಿದ ಎರರ್ ಇಲ್ಲಿಯೇ ಬಂತು: ಟೈಡಿವರ್ಸ್ ನೆಚ್ಚಿಕೊಂಡಿರುವ ಆರ್‌ಲ್ಯಾಂಗ್ ಪ್ಯಾಕೇಜಿನ ಹಳೆಯ ಆವೃತ್ತಿ ಈಗಾಗಲೇ ಲೋಡ್ ಆಗಿದೆ, ಹೊಸದು ಬೇಕು ಎಂದು. ಆಪ್ಟ್ ಹೊಸದನ್ನು ಹಾಕಿತ್ತು ನಿಜ, ಆದರೆ ನಾನು ಅಳಿಸಲು ಮರೆತಿದ್ದ ಹಳೆಯ ಪ್ರತಿ ನನ್ನ ಹೋಮ್ ಫೋಲ್ಡರಿನ ಲೈಬ್ರರಿಯಲ್ಲಿ ಉಳಿದಿತ್ತು, ಆರ್ ಮೊದಲು ಹುಡುಕುವುದು ಅಲ್ಲಿಯೇ. ‘ಲಿಬ್‌ಪಾತ್ಸ್’ ಆದೇಶ ತೋರಿಸುವ ಕ್ರಮವನ್ನು ನೋಡಿದ ಮೇಲಷ್ಟೇ ಇದು ತಿಳಿಯಿತು. ಈ ದಾರಿಗೆ ರೂಟ್ ಅಧಿಕಾರ, ಅಂದರೆ ಯಂತ್ರದ ನಿರ್ವಾಹಕರ ಅಧಿಕಾರ, ಬೇಕು, ಮತ್ತು ಇದು ಉಬುಂಟುವಿನ ದೀರ್ಘಾವಧಿ ಬೆಂಬಲದ ಆವೃತ್ತಿಗಳಿಗೆ ಮಾತ್ರ.

ನಾಲ್ಕನೆಯದು ಕೊಂಡಾ, ಪ್ರತ್ಯೇಕ ಪರಿಸರಗಳಲ್ಲಿ ತಂತ್ರಾಂಶ ಸ್ಥಾಪಿಸುವ ಸಾಧನ. ರೂಟ್ ಅಧಿಕಾರವಿಲ್ಲದೆ, ತನ್ನದೇ ಜಿಡಾಲ್ ಸಮೇತ ಎಸ್‌ಎಫ್ ತರುತ್ತದೆ. ಪೈಥಾನ್ ಕೂಡ ಬೇಕಾದವರಿಗೆ ಇದು ಒಳ್ಳೆಯದು. ಆದರೆ ಕೊಂಡಾ ಪರಿಸರದೊಳಗೆ ಕ್ರಾನ್‌ನಿಂದಲೂ ಪ್ಯಾಕೇಜ್ ತರಲು ಹೋದಾಗ ಕೊಂಡಾದ ಕಂಪೈಲರ್ ಸಿಗಲಿಲ್ಲವೆಂದು ಕೆಲಸ ನಿಂತಿತು. ಎರಡನ್ನೂ ಬೆರೆಸಬಾರದು ಎಂಬುದು ನನ್ನ ದೃಢ ಅಭಿಪ್ರಾಯ.

ಸ್ವಂತ ಲ್ಯಾಪ್‌ಟಾಪ್ ಇರುವ ವಿದ್ಯಾರ್ಥಿಗಳಿಗೆ ಈಗ ಆರ್2ಯು ಹಾಕಿಕೊಡುತ್ತೇನೆ, ಪ್ರಯೋಗಾಲಯದಲ್ಲಿ ಪಾಸಿಟ್ ಭಂಡಾರವನ್ನು ಬಳಸುತ್ತೇನೆ. ಎರಡೂ ಕಡೆ, ಪ್ಯಾಕೇಜ್ ಆವೃತ್ತಿಗಳ ಲೆಕ್ಕ ಇಡುವ ಆರ್‌ಎನ್ವ್ ಎಂಬ ಪ್ಯಾಕೇಜ್ ಬರೆಯುವ ಲಾಕ್ ಕಡತವು ಆರ್ ಮತ್ತು ಪ್ಯಾಕೇಜ್‌ಗಳ ಆವೃತ್ತಿಗಳನ್ನು ಉಳಿಸುತ್ತದೆ, ಆದರೆ ಸಿಸ್ಟಂ ಲೈಬ್ರರಿಗಳನ್ನು ಸ್ಥಾಪಿಸುವುದಿಲ್ಲ. ಉದಾಹರಣೆಗೆ, ಯೂನಿಕೋಡ್ ಪಠ್ಯ ನಿರ್ವಹಿಸುವ ಐಸಿಯು ಎಂಬ ಸಿಸ್ಟಂ ಲೈಬ್ರರಿಯ ಆವೃತ್ತಿ ಉಬುಂಟು 20.04ರಲ್ಲಿ 66 ಇತ್ತು, 22.04ರಲ್ಲಿ 70 ಇದೆ. ಯಂತ್ರವನ್ನು ಮೇಲ್ದರ್ಜೆಗೆ ಏರಿಸಿದ ದಿನ, ಐಸಿಯು ಬಳಸುವ ಸ್ಟ್ರಿಂಗ್‌ಐ ಪ್ಯಾಕೇಜ್ ಲೋಡ್ ಆಗದೆ ನಿಂತದ್ದಕ್ಕೆ ಇದೇ ಕಾರಣವಾಗಿತ್ತು, ಮತ್ತೆ ಸ್ಥಾಪಿಸಿದ ಮೇಲೆ ಸರಿಹೋಯಿತು. ಅಂದಿನಿಂದ ಲಾಕ್ ಕಡತದ ಪಕ್ಕದಲ್ಲಿ ಉಬುಂಟು ಆವೃತ್ತಿಯನ್ನೂ ಆಪ್ಟ್‌ನಿಂದ ಹಾಕಿದ ಪ್ಯಾಕೇಜ್‌ಗಳ ಹೆಸರುಗಳನ್ನೂ ಒಂದು ಸಣ್ಣ ಕಡತದಲ್ಲಿ ಬರೆದಿಡುತ್ತೇನೆ.