ಗೆಟಿಸ್ಬರ್ಗ್‌ನಲ್ಲಿ ನೆಟ್ಟಗೆ ನಿಂತ ಫಿರಂಗಿಗಳು: ಸೇನಾಧಿಪತಿಗಳ ಬಿಡಾರದ ಗುರುತುಗಳನ್ನು ನೋಡಿ ಬಂದ ಮೇಲೆ

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿರುವ ಗೆಟಿಸ್ಬರ್ಗ್ ರಣಭೂಮಿಯಲ್ಲಿ 1,300ಕ್ಕೂ ಹೆಚ್ಚು ಸ್ಮಾರಕಗಳೂ ಫಲಕಗಳೂ ಇವೆ. ಬಂದವರಲ್ಲಿ ಹೆಚ್ಚಿನವರು ಕುದುರೆಯೇರಿದ ದಂಡನಾಯಕರ ಪ್ರತಿಮೆಗಳ ಮುಂದೆ ನಿಂತು, ಚಿತ್ರ ತೆಗೆದುಕೊಂಡು ಮುಂದೆ ಸಾಗುತ್ತಾರೆ. ನಾನು ಮಾತ್ರ ಇಡೀ ಒಂದು ದಿನವನ್ನು, ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರ ಮತ್ತು ದಕ್ಷಿಣದ ರಾಜ್ಯಗಳ ಸೇನೆಗಳ ನಡುವೆ 1863ರ ಜುಲೈ 1ರಿಂದ 3ರವರೆಗೆ ನಡೆದ ಕಾಳಗದಲ್ಲಿ ಸೇನಾಧಿಪತಿಗಳು ಎಲ್ಲೆಲ್ಲಿ ಬಿಡಾರ ಹೂಡಿದ್ದರು ಎಂಬುದನ್ನು ತೋರಿಸುವ ಗುರುತುಗಳಿಗೇ ಮೀಸಲಿಟ್ಟೆ. ಆ ದಿನ ಸಾರ್ಥಕವಾಯಿತು.

ಇವುಗಳ ರೂಪ ಸರಳ. ಕಲ್ಲಿನ ಪೀಠದ ಮೇಲೆ ಫಿರಂಗಿಯ ನಳಿಗೆಯನ್ನು ಬಾಯಿ ಆಕಾಶಕ್ಕೆ ಮಾಡಿ ನೆಟ್ಟಗೆ ನಿಲ್ಲಿಸಲಾಗಿದೆ. ರಣಭೂಮಿಯಲ್ಲೆಲ್ಲ ಗಾಲಿಗಳ ಮೇಲೆ ಶತ್ರುವಿನತ್ತ ಮುಖಮಾಡಿ ನಿಂತಿರುವ ನೂರಾರು ಫಿರಂಗಿಗಳ ನಡುವೆ, ಹೀಗೆ ಲಂಬವಾಗಿ ನಿಂತದ್ದು ಕಂಡರೆ ಅಲ್ಲಿ ಗುಂಡು ಹಾರಿಸುವ ಕೆಲಸವಲ್ಲ, ಆಜ್ಞೆ ಹೊರಡಿಸುವ ಕೆಲಸ ನಡೆಯಿತು ಎಂದು ಓದದೆಯೇ ತಿಳಿಯುತ್ತದೆ. ಸೇನೆಯ ದಳಗಳಾದ ಬ್ರಿಗೇಡುಗಳ ಫಲಕಗಳಲ್ಲಿಯೂ ಇಂಥದೇ ಜಾಣ್ಮೆಯಿದೆ: ಉತ್ತರದವರದಕ್ಕೆ ಚೌಕ ಪೀಠ, ದಕ್ಷಿಣದವರದಕ್ಕೆ ದುಂಡು ಪೀಠ. ಈ ಲಿಪಿ ಒಮ್ಮೆ ರೂಢಿಯಾದರೆ ಬಯಲನ್ನು ದೂರದಿಂದಲೇ ಓದಬಹುದು.

ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಉತ್ತರದ ಸೇನಾಧಿಪತಿ ಜಾರ್ಜ್ ಮೀಡ್ ಅವರ ಬಿಡಾರ. ಟೇನಿಟೌನ್ ರಸ್ತೆಯ ಬದಿಯಲ್ಲಿ ಗುರುತಿನ ಜೊತೆಗೆ ಮನೆಯೂ ಉಳಿದಿರುವುದರಿಂದ ಇದರ ತೂಕವೇ ಬೇರೆ. ಲಿಡಿಯಾ ಲೀಸ್ಟರ್ ಎಂಬ ವಿಧವೆಯ ಪುಟ್ಟ ಮನೆ ಅದು. ಜೂನ್ 28ರಂದಷ್ಟೇ ಸೇನೆಯ ಹೊಣೆ ಹೊತ್ತಿದ್ದ ಮೀಡ್, ಜುಲೈ 2ರ ರಾತ್ರಿ ತಮ್ಮ ಅಧೀನದ ಸೇನಾನಿಗಳನ್ನು ಇಲ್ಲಿನ ಒಂದು ಕಿರುಕೋಣೆಯಲ್ಲಿ ಸೇರಿಸಿ, ಇಲ್ಲೇ ನಿಂತು ಕಾದುವುದೋ ಹಿಂದೆ ಸರಿಯುವುದೋ ಎಂದು ಕೇಳಿದರು; ನಿಲ್ಲುವುದೆಂದೇ ತೀರ್ಮಾನವಾಯಿತು. ಕಿಟಕಿಯಿಂದ ಇಣುಕಿ ನೋಡಿದಾಗ, ಅಷ್ಟು ದೊಡ್ಡ ಸೇನೆಯ ಅಳಿವು ಉಳಿವು ಅಷ್ಟು ಕಿರಿದಾದ ಜಾಗದಲ್ಲಿ ನಿರ್ಧಾರವಾಯಿತೇ ಎಂದು ನಾನು ಬಹಳ ಹೊತ್ತು ಅಲ್ಲಿಂದ ಕದಲಲಿಲ್ಲ.

ಮನೆಯ ಹಿಂದಿನ ಇಳಿಜಾರನ್ನು ಹತ್ತಿ ಸಿಮೆಟ್ರಿ ರಿಜ್ ದಿಬ್ಬದ ನೆತ್ತಿಗೆ ಹೋದರೆ ಮರುದಿನದ ಕಥೆಯೂ ಅರ್ಥವಾಗುತ್ತದೆ. ಜುಲೈ 3ರ ಮಧ್ಯಾಹ್ನ ದಕ್ಷಿಣದವರ ಸುಮಾರು 150 ಫಿರಂಗಿಗಳು ಈ ದಿಬ್ಬದ ಮೇಲೆ ಗುಂಡಿನ ಮಳೆ ಸುರಿಸಿದಾಗ, ಗುರಿ ಮೀರಿ ದಿಬ್ಬ ದಾಟಿದ ಗುಂಡುಗಳು ನೇರವಾಗಿ ಬಂದೆರಗಿದ್ದು ಈ ಅಂಗಳದ ಮೇಲೆ. ಮೀಡ್ ಪವರ್ಸ್ ಹಿಲ್‌ಗೆ, ತಮ್ಮ ಸೇನಾನಿ ಹೆನ್ರಿ ಸ್ಲೋಕಮ್ ಅವರ ಬಿಡಾರಕ್ಕೆ ತೆರಳಬೇಕಾಯಿತು. ಅಂಗಳದಲ್ಲಿ ಹದಿನೈದಕ್ಕೂ ಹೆಚ್ಚು ಕುದುರೆಗಳು ಸತ್ತುಬಿದ್ದವು, ನೀರು ಕೆಟ್ಟಿತು, ಬೆಳೆ ಹಾಳಾಯಿತು; ಲಿಡಿಯಾ ಮುಂದೆ ಕುದುರೆಗಳ ಮೂಳೆಗಳನ್ನು ಮಾರಿ ನಾಲ್ಕು ಕಾಸು ಕಂಡರು. ನಳಿಗೆಯ ಗುರುತು ಸೇನಾಧಿಪತಿಯ ಬಿಡಾರವನ್ನಷ್ಟೇ ಹೇಳುತ್ತದೆ. ಈ ಬಗೆಯ ಸ್ಮಾರಕಗಳ ಬಗ್ಗೆ ನನಗಿರುವ ದೊಡ್ಡ ಕೊರಗು ಇದೇ.

ಇಲ್ಲಿಂದ ಎರಡು ಮೈಲಿಗೂ ಕಡಿಮೆ ದೂರದಲ್ಲಿ, ಚೇಂಬರ್ಸ್‌ಬರ್ಗ್ ರಸ್ತೆಯಲ್ಲಿ ದಕ್ಷಿಣದ ಸೇನಾಧಿಪತಿ ರಾಬರ್ಟ್ ಲೀ ಅವರ ಬಿಡಾರದ ಗುರುತಿದೆ. ಸೇಬಿನ ತೋಟದಲ್ಲಿ ಹಾಕಿದ್ದ ಡೇರೆಗಳನ್ನು ಅದು ನೆನಪಿಸಿದರೆ, ರಸ್ತೆಯ ಆಚೆ ಬದಿಯಲ್ಲಿ ಮೇರಿ ಥಾಂಪ್ಸನ್ ಅವರ ಕಲ್ಲಿನ ಮನೆ ನಿಂತಿದೆ. ಅವರೂ ವಿಧವೆಯೇ. ಗುಲಾಮಗಿರಿಯ ಕಟ್ಟಾ ವಿರೋಧಿಯಾಗಿದ್ದ ಜನಪ್ರತಿನಿಧಿ ಥ್ಯಾಡಿಯಸ್ ಸ್ಟೀವನ್ಸ್ ಅವರಿಗೆ ಆ ಮನೆಯಲ್ಲಿ ಒಡೆತನವಿತ್ತು ಎಂಬುದನ್ನು ತಿಳಿದು ನೋಡಿದರೆ, ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಸಿಡಿದ ದಕ್ಷಿಣದ ದಂಡನಾಯಕ ಅದೇ ಸೂರಿನಡಿ ಬಂದದ್ದು ಮನಸ್ಸನ್ನು ಹಿಡಿದು ನಿಲ್ಲಿಸುತ್ತದೆ. ಹಿಂದೆ ಈ ಮನೆಯ ಸುತ್ತ ಮೋಟೆಲ್ ಇತ್ತು. ಅದನ್ನು ಕೆಡವಿ, ನೆಲವನ್ನು ಹಳೆಯ ಸ್ವರೂಪಕ್ಕೆ ತಂದು 2016ರಲ್ಲಿ ಜನರಿಗೆ ತೆರೆದರು. ಈ ಕೆಲಸ ಮನಸಾರೆ ಮೆಚ್ಚುವಂಥದ್ದು. ರಸ್ತೆಯಲ್ಲಿ ವಾಹನಗಳ ಓಡಾಟ ಹೆಚ್ಚು. ಮಕ್ಕಳೊಂದಿಗೆ ದಾಟುವವರು ಎಚ್ಚರದಿಂದಿರಬೇಕು.

ಸೇನೆಯ ದೊಡ್ಡ ವಿಭಾಗಗಳಾದ ಕೋರ್‌ಗಳ ನಾಯಕರ ಉಳಿದ ಗುರುತುಗಳು ಚದುರಿಕೊಂಡಿವೆ, ಕೆಲವು ಸಾಮಾನ್ಯ ಸುತ್ತುದಾರಿಯಿಂದ ದೂರವಿವೆ. ನನ್ನ ಕೈಯಲ್ಲಿದ್ದ ನಕ್ಷೆಯಲ್ಲಿ ಅವುಗಳಲ್ಲಿ ಹಲವು ನಮೂದಾಗಿರಲಿಲ್ಲ, ಹಾಗಾಗಿ ಎರಡು ಬಾರಿ ದಾರಿ ತಪ್ಪಿದೆ. ಸಮಯ ಕಡಿಮೆ ಇರುವವರು ಪವರ್ಸ್ ಹಿಲ್‌ನದೊಂದನ್ನು ನೋಡಿದರೆ ಸಾಕು. ಮೀಡ್ ಓಡಾಡಿದ ಅಂತರ ಅಲ್ಲಿಂದ ಸ್ಪಷ್ಟವಾಗುತ್ತದೆ.

ರಣಭೂಮಿಯೊಳಗೆ ಓಡಾಡಲು ಶುಲ್ಕವಿಲ್ಲ; ವಸ್ತುಸಂಗ್ರಹಾಲಯಕ್ಕೆ ಮಾತ್ರ ಟಿಕೆಟ್ ಕೊಳ್ಳಬೇಕು. ಪರವಾನಗಿ ಪಡೆದ ಮಾರ್ಗದರ್ಶಕರು ಸಿಗುತ್ತಾರೆ, ಅವರಿಗೆ ಮೊದಲೇ ‘ಬಿಡಾರಗಳನ್ನೇ ನೋಡಬೇಕು’ ಎಂದು ತಿಳಿಸಿಬಿಡುವುದು ಒಳ್ಳೆಯದು. ಬೆಳಿಗ್ಗೆ ಲೀಸ್ಟರ್ ಮನೆಯಿಂದ ಹೊರಟು, ದಿಬ್ಬದ ಮೇಲಿನ ಮೀಡ್ ಪ್ರತಿಮೆಯ ಬಳಿ ನಿಂತು ಪಶ್ಚಿಮದ ಬಯಲನ್ನು ನೋಡಿ, ಆಮೇಲೆ ಲೀ ಅವರ ಕಡೆಗೆ ಹೋಗಿರಿ; ಹಾಗೆ ಹೋದರೆ ದಕ್ಷಿಣದ ಸೈನಿಕರು ಜುಲೈ 3ರಂದು ದಾಟಬೇಕಾಗಿ ಬಂದ ಬಯಲಿನ ಅಗಲ ಮೊದಲೇ ಕಣ್ಣಿಗೆ ಬಿದ್ದಿರುತ್ತದೆ.